ಉಡಿ ತುಂಬಿದ ಪರ್ಸು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಬನಹಟ್ಟಿಯ ನಮ್ಮ ಪಕ್ಕದ ಮನೆಯ ಅಕ್ಕ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಜಮಖಂಡಿಯ ಅಂಗಡಿಗಳಲ್ಲಿ ದೊಡ್ಡ ಕಂಪನಿಯ ಹೆಸರಿನ ನಕಲಿ ಪರ್ಸು ತೋರಿಸಿದರೆ, ಹೊಲಿಗೆಯನ್ನು ಬೆರಳಿನಿಂದ ಸವರಿ ಹಿಂದಿರುಗಿಸುತ್ತಿದ್ದರು. "ನಕಲಿ ಹತ್ತ ಬ್ಯಾಡ್ರಿ, ಖರೇದು ಒಂದ ಸಾಕು" ಎನ್ನುತ್ತಿದ್ದರು. ಬಹುಕಾಲ ಕೂಡಿಟ್ಟು, ಯಾರೋ ಬಳಸಿ ಮಾರಿದ ಅಸಲಿ ಪರ್ಸೊಂದನ್ನು ಮೊಬೈಲಿನಲ್ಲಿ ಹುಡುಕಿ ತರಿಸಿದರು.

ಬಿಳಿ ಚರ್ಮದ ಸದರಿ ಪರ್ಸನ್ನು ಹಿಡಿದು ಮುಧೋಳಕ್ಕೆ, ಬಸುರಿಯಾಗಿದ್ದ ಮೈದುನನ ಮಗಳ ಕುಬಸದ ಕಾರ್ಯಕ್ಕೆ ಹೋದರು. ನಾನೂ ಜೊತೆಗಿದ್ದೆ. ಬಂದ ಹೆಂಗಸರಿಗೆ ಉಡಿ ತುಂಬುವಾಗ ಅಕ್ಕ ಸೆರಗೊಡ್ಡಿದರು. ಮೈದುನನ ಹೆಂಡತಿ ತಡೆದಳು.

"ಸೆರಗ್ಯಾಕ ಯಕ್ಕಾ? ಕಂಡಿಕಿ ಸುತ್ತಾಕಿ ಫಾರಿನ್ ಪರ್ಸ್ ತಂದೀಯಲ್ಲ, ಅದರಾಗ ಹಾಕ್ತೀನಿ ತಗೊ."

ಹಾಗೆಂದವಳೇ ಪರ್ಸು ತೆರೆದು, ಅಕ್ಕಿಯೊಡನೆ ಒದ್ದೆ ಕುಂಕುಮವನ್ನೂ ಸುರಿದಳು. ಅದು ಹೊರಗಿನ ಚರ್ಮಕ್ಕೂ ಇಳಿಯಿತು. ಉಡಿಯನ್ನು ಒಲ್ಲೆನ್ನುವಂತಿಲ್ಲ, ಚೆಲ್ಲುವಂತಿಲ್ಲ. ಇದನ್ನು ಚೆನ್ನಾಗಿ ಬಲ್ಲವರೇ ಬಾಯಿಗೆ ಸೆರಗಿಟ್ಟು ನಕ್ಕರು. ಆ ನಗೆಯನ್ನು ನಾನು ಇಂದಿಗೂ ಕ್ಷಮಿಸಿರುವುದಿಲ್ಲ. ಅಕ್ಕ ಪರ್ಸನ್ನು ಕಣ್ಣಿಗೊತ್ತಿಕೊಂಡು ಎದ್ದರು.

ಮುಂದೆ ಬಂಧುಗಳ ಮದುವೆಯೊಂದಕ್ಕೆ ಅಕ್ಕ ಅದೇ ಪರ್ಸನ್ನು ತಂದರು, ಕೆಂಪು ಕಲೆ ಎಲ್ಲರಿಗೂ ಕಾಣುವಂತೆ. ಮೈದುನನ ಹೆಂಡತಿ ಅದೇ ಕಂಪನಿಯ ಹೆಸರಿನ ಹೊಸ ಪರ್ಸನ್ನು ಮುಂದೆ ಚಾಚಿದಳು.

"ನೋಡ್ ಯಕ್ಕಾ, ನಂದೂ ಬಂತು."

ಅಕ್ಕ ಅದರ ಹೊಲಿಗೆಯನ್ನು ಬೆರಳಿನಿಂದ ಸವರಿದರು. ಹಿಂದಿರುಗಿಸಿದರು.