ಲಿಂಗಿಯ ಎಡಗೈ ಬೆರಳು

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಇದನ್ನು ನನ್ನ ಹೆಂಡತಿ ಸುಲೋಚನಮ್ಮ ಮದುವೆಯಾದ ಮೂರನೆಯ ದಿನವೇ ಹೇಳಿದ್ದಳು. ಸೋಮವಾರಪೇಟೆಯ ಶಾಲೆಯಲ್ಲಿ ನನ್ನ ಹತ್ತಿರ ಓದಿದ ಮಕ್ಕಳೂ ಹೇಳುತ್ತಿದ್ದರು, ಬೆನ್ನ ಹಿಂದೆ. ನಾನು ಒಪ್ಪಿಕೊಂಡದ್ದು ಮಾತ್ರ ಒಂದೇ ಸಲ, ಐವತ್ತೇಳರ ಚುನಾವಣೆಯಲ್ಲಿ. ಒಪ್ಪಿಸಿದವಳು ಮಡಿವಾಳರ ಲಿಂಗಿ.

ಆಗ ಅವಳಿಗೆ ಐವತ್ತರ ಹತ್ತಿರ. ಗಂಡ ಮಲ್ಲ ತೀರಿಕೊಂಡು ಮೂರು ವರ್ಷವಾಗಿತ್ತು. ಮಗ, ಸೊಸೆ ಇದ್ದರೂ ಪೇಟೆಯ ಬಟ್ಟೆಯ ಯಜಮಾನಿಕೆ ಅವಳದೇ. ಡಾಕ್ಟರ ಮನೆ, ಮಂಡಿಯ ಸಾಹುಕಾರರ ಮನೆ, ಪ್ರವಾಸಿ ಬಂಗಲೆ, ಸುತ್ತಿನ ನಾಲ್ಕು ಎಸ್ಟೇಟು, ಕೊನೆಗೆ ಬಡ ಮೇಷ್ಟರಾದ ನಮ್ಮ ಮನೆ. ಭಾನುವಾರ ಬೆಳಿಗ್ಗೆ ಗಂಟು ಹೊತ್ತು ಹಿತ್ತಲ ಬಾಗಿಲಿಗೆ ಬರುವಳು. ಎಲ್ಲರ ಮನೆಗೂ ಹಿತ್ತಲ ಬಾಗಿಲಿಗೇ. ಇಷ್ಟು ಮನೆಯ ಬಟ್ಟೆ ಒಂದೇ ಉಬ್ಬೆಯ ಹಂಡೆಯಲ್ಲಿ ಬೆಂದರೂ ಒಂದು ಟವಲ್ಲು ಅದಲುಬದಲಾದದ್ದನ್ನು ನಾನು ಕಂಡಿಲ್ಲ.

ಅದರ ಗುಟ್ಟು ಕಾಡುಗೇರು. ಒಣಗಿದ ಕಾಯಿಯನ್ನು ಬಿಸಿ ಮಾಡಿ, ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಸೂಜಿಯಿಂದ ಚುಚ್ಚುವಳು. ಒಳಗಿಂದ ಎಣ್ಣೆಯಂಥ ಕರಿ ರಸ ಬರುವುದು. ಅದನ್ನು ಸೂಜಿಯ ಮೊನೆಯಿಂದ ಕಾಲರಿನ ಒಳಮಗ್ಗುಲಿಗೆ ಮುಟ್ಟಿಸಿ ಮೇಲೊಂದಿಷ್ಟು ಸುಣ್ಣ ಸವರಿದರೆ ಮುಗಿಯಿತು, ಬಟ್ಟೆ ಹರಿದರೂ ಗುರುತು ಹೋಗದು. ಡಾಕ್ಟರಿಗೆ ಎರಡು ಚುಕ್ಕೆ ಒಂದು ಗೀಟು, ನಮಗೆ ಮೂರು ಚುಕ್ಕೆ, ಬಂಗಲೆಗೆ ಬರುವ ಅತಿಥಿಗಳಿಗೆ ಕತ್ತರಿ ಗುರುತು. ಅವಳಿಗೆ ಓದು ಬರಹ ಬಾರದು. ಆದರೆ ಇಡೀ ಪೇಟೆಯನ್ನು ಕಾಲರಿನಲ್ಲಿ ಓದಬಲ್ಲವಳಾಗಿದ್ದಳು. ಆ ರಸ ಚರ್ಮವನ್ನೂ ಬಿಡುವುದಿಲ್ಲ. ಮೂವತ್ತು ವರ್ಷದಿಂದ ಅವಳ ಎಡಗೈಯ ಆ ಎರಡು ಬೆರಳೂ ಉಗುರಿನ ಬುಡದವರೆಗೆ ಕಪ್ಪಗಿದ್ದವು.

ಆ ವರ್ಷ ಲೋಕವೆಲ್ಲ ಸರಕಾರ ಬದಲಾಯಿಸಲು ಹೊರಟಂತಿತ್ತು. ಹಿಂದಿನ ನವೆಂಬರ್ ಒಂದಕ್ಕೆ ನಮ್ಮ ಕೊಡಗು ರಾಜ್ಯ ಹೋಗಿ ಮೈಸೂರಿನ ಒಂದು ಜಿಲ್ಲೆಯಾಗಿತ್ತು. ಮಡಿಕೇರಿಯಲ್ಲಿದ್ದ ಮಂತ್ರಿಗಳು, ಶಾಸನಸಭೆ ಎಲ್ಲ ಮುಗಿದ ಕತೆ. ಮೈಸೂರಿನಿಂದ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುವ ಪತ್ರಿಕೆಯಲ್ಲಿ ಈಜಿಪ್ಟಿನ ಕಾಲುವೆಯ ಜಗಳ, ಹಂಗೇರಿಯ ದಂಗೆ, ಆಫ್ರಿಕಾದಲ್ಲಿ ಗೋಲ್ಡ್ ಕೋಸ್ಟ್ ಎಂಬ ನಾಡಿಗೆ ಮಾರ್ಚಿನಲ್ಲಿ ಸ್ವಾತಂತ್ರ್ಯ ಬರುವ ಸುದ್ದಿ. ಭಾನುವಾರ ಸುಲೋಚನಮ್ಮ ಬಟ್ಟೆ ಎಣಿಸುವಾಗ ನಾನು ಇದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಕೇಳುವವರು ಬೇಕಲ್ಲ! ಹೆಂಡತಿ ಕೇಳುತ್ತಿರಲಿಲ್ಲ, ಲಿಂಗಿ ಕೇಳುತ್ತಿದ್ದಳು.

“ನಮ್ ಸರಕಾರ ಹೋಯ್ತಂತಲ್ಲ ಲಿಂಗಿ, ಏನನ್ನಿಸ್ತು ನಿಂಗೆ?” ಎಂದು ಕೆಣಕಿದರೆ, “ಬಟ್ಟೆ ಬದಲಾದ್ವು ಮೇಷ್ಟ್ರೆ. ಮಡಿಕೇರಿ ಆಫೀಸರ್ರ ಪ್ಯಾಂಟು ಬರೋದು ನಿಂತೋಯ್ತು. ಈಗ ಬರೋರು ಪಂಚೆ ಮೇಲೆ ಕೋಟು ಹಾಕ್ತಾರೆ. ಕೊಳೆ ಮಾತ್ರ ಅದೇಯ” ಎಂದಳು.

ಆಫ್ರಿಕಾದ ಸುದ್ದಿ ಓದಿದಾಗ ಗಂಟು ಕಟ್ಟುತ್ತಾ ಕೇಳಿದಳು: “ಅಲ್ಲಿ ಓಟಿಗೆ ಬಟ್ಟೆ ಒಗೆಯೋರ ಹೆಸ್ರೂ ಬರ್ಕೊತಾರಾ ಮೇಷ್ಟ್ರೆ?”

ಅವಳು ಹಾಗೆ ಕೇಳಲು ಕಾರಣವಿತ್ತು. ಐವತ್ತೆರಡರ ಮೊದಲ ಚುನಾವಣೆಗೆ ಹೆಸರು ಬರೆಯಲು ಬಂದವನಿಗೆ ಇವಳ ಅತ್ತೆ “ಮಲ್ಲನ ಹೆಂಡ್ತಿ” ಎಂದಷ್ಟೇ ಹೇಳಿದ್ದಳು. ಹೆಂಗಸಿನ ಹೆಸರು ಹೊರಗಿನವರಿಗೆ ಯಾಕೆ ಎಂಬುದು ಅತ್ತೆಯ ಲೆಕ್ಕ. ಹೆಸರಿಲ್ಲದವರನ್ನೆಲ್ಲ ಮೇಲಿನವರು ಪಟ್ಟಿಯಿಂದ ಹೊಡೆದುಹಾಕಿದರು. ಇದು ಗೊತ್ತಿಲ್ಲದೆ ಲಿಂಗಿ ಗಂಡನ ಜೊತೆ ಓಟಿಗೆ ಹೋದಳು. “ಅವ್ನು ಒಳಕ್ಕೋಗಿ ಬಂದ, ನಾನು ಅವ್ನ ಕಂಬ್ಳಿ ಹಿಡ್ಕೊಂಡು ಹೊರಗೆ ನಿಂತಿದ್ದೆ” ಎಂದು ಅವಳು ಎಷ್ಟು ಸಲ ಹೇಳಿದ್ದಳೋ. ಹೇಳುವಾಗ ನಗುತ್ತಿದ್ದಳು. ಆ ನಗು ನನಗೆ ಸರಿ ಕಾಣುತ್ತಿರಲಿಲ್ಲ.

ಹಾಗಾಗಿ ಹೊಸ ಪಟ್ಟಿಗೆ ಹೆಸರು ಬರೆಯುವ ಕೆಲಸ ಮೇಷ್ಟರ ತಲೆಗೆ ಬಂದಾಗ ಅವಳ ಮನೆಗೆ ನಾನೇ ಹೋದೆ. ಲಿಂಗಿ ಬಾಗಿಲಲ್ಲೇ ಕಾದಿದ್ದಳು. “ಲಿಂಗಮ್ಮ ಅಂತ ಬರೀಲಾ?” ಎಂದೆ. “ಯಾರೂ ಹಂಗೆ ಕರ್ಯಾಕಿಲ್ಲ. ಲಿಂಗಿ ಅಂತ್ಲೇ ಬರೀರಿ, ಆಮೇಲೆ ನಾನಲ್ಲ ಅಂದ್ಬಿಟ್ಟಾರು” ಎಂದಳು. ಬರೆದ ಮೇಲೆ ಆ ಸಾಲಿನ ಮೇಲೆ ಕೈಯಿಟ್ಟು ನೋಡಿದಳು. ಇಷ್ಟರವರೆಗೆ ನಾನು ಮಾಡಿದ್ದು ಒಳ್ಳೆಯ ಕೆಲಸವೇ.

ಕೆಡಿಸಿದ್ದು ಚುನಾವಣೆಗೆ ಒಂದು ವಾರ ಮೊದಲು. ಮತಗಟ್ಟೆಯಲ್ಲಿ ಬೆರಳು ನೋಡಿ ಮಸಿ ಹಚ್ಚುವ ಕೆಲಸ ನನಗೆ ಬಿದ್ದಿತ್ತು. ಮಡಿಕೇರಿಯಲ್ಲಿ ತರಬೇತಿ ಮುಗಿಸಿ ದೊಡ್ಡ ಮನುಷ್ಯನ ಹಾಗೆ ಬಂದು ಕೂತಿದ್ದೆ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಚಿತ್ರ, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕುವುದು ಎಂದು ಲಿಂಗಿಗೆ ವಿವರಿಸಿದೆ. “ಗುರುತು ನೋಡಿ ಗಂಟಿಗೆ ಹಾಕೋದು, ಅಷ್ಟೇ ತಾನೆ” ಎಂದಳು. ನನಗೆ ತರಬೇತಿಯಲ್ಲಿ ಅರ್ಧ ದಿನ ಹಿಡಿದಿತ್ತು. ಆಮೇಲೆ ಮಸಿಯ ವಿಷಯ ಬಂತು. ಎಡಗೈ ತೋರುಬೆರಳಿಗೆ ಹಚ್ಚುತ್ತಾರೆ, ಒಬ್ಬರೇ ಎರಡು ಸಲ ಬಾರದಿರಲಿ ಎಂದು. ಅವಳು ತನ್ನ ಬೆರಳು ನೋಡಿಕೊಂಡಳು. ನಾನೂ ನೋಡಿದೆ. ಇಂಥ ಅವಕಾಶ ಬಿಡುವ ಬಾಯೇ ನನ್ನದು?

“ಅಯ್ಯೋ ಲಿಂಗಿ, ನಿಂಗೆ ಓಟು ಸಿಕ್ಕ ಹಾಗೇ! ಕರಿ ಬೆರಳು ತಗೊಂಡು ಬಂದೋರನ್ನ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ಚೆನ್ನಾಗಿ ತಿಕ್ಕಿ ತೊಳ್ಕೊಂಡು ಬಾ.”

“ಇದು ಹೋಗ್ತದಾ ಮೇಷ್ಟ್ರೆ?”

“ಊರಿನ ಕೊಳೆಯೆಲ್ಲ ತೆಗೀತೀಯ, ನಿನ್ನ ಬೆರಳಿನದು ತೆಗೆಯೋಕಾಗಲ್ವಾ?”

ಒಳಗಿಂದ ಸುಲೋಚನಮ್ಮ, “ಸುಮ್ನಿರಬಾರ್ದಾ? ಲಿಂಗಿ, ಅವರ ಮಾತು ತಲೆಗೆ ಹಾಕ್ಕೋಬ್ಯಾಡ” ಎಂದು ಕೂಗಿದಳು. ಲಿಂಗಿ ಗಂಟು ಎತ್ತಿಕೊಂಡು ಹೋದಳು. ನಾನು ನಗುತ್ತಾ ಪತ್ರಿಕೆ ಮಡಚಿಟ್ಟೆ.

ಚುನಾವಣೆಯ ದಿನ ನಮ್ಮ ಶಾಲೆಯೇ ಮತಗಟ್ಟೆ. ಕಾಫಿ ಹೂವು ಅರಳಿಸುವ ಮಳೆ ಇನ್ನೂ ಬಂದಿರಲಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು. ಅಧಿಕಾರಿ ಹಾಸನದ ಕಡೆಯವರು, ಮೂರು ದಿನದ ಹಿಂದೆ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದರು. ಗರಿಗರಿ ಬಿಳಿ ಕೋಟು, ಮಾತು ಕಡಿಮೆ. ಬೆಳಿಗ್ಗೆಯೇ ಎಚ್ಚರಿಸಿದ್ದರು: “ಊರಿನವರು ಅಂತ ಯಾರಿಗಾದರೂ ದಾಕ್ಷಿಣ್ಯ ತೋರಿಸಿದರೆ ಮೇಲಕ್ಕೆ ಬರೆದುಬಿಡ್ತೇನೆ.” ಗೋಡೆಯ ಪಕ್ಕ ಅಭ್ಯರ್ಥಿಗಳ ಏಜೆಂಟರು ಕೂತಿದ್ದರು. ಅವರಲ್ಲಿ ಚುರುಕಾದವನು ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕುಶಾಲಪ್ಪ.

ಹನ್ನೊಂದರ ಹೊತ್ತಿಗೆ ಹೆಂಗಸರ ಸಾಲಿನಲ್ಲಿ ಲಿಂಗಿ ಕಂಡಳು. ಮುಂದೆ ಡಾಕ್ಟರ ಹೆಂಡತಿ, ಹಿಂದೆ ಸಾಹುಕಾರರ ಸೊಸೆ, ನಡುವೆ ಇವಳು. ಉಬ್ಬೆಗೆ ಹಾಕಿ ಬೆಳ್ಳಗಾದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಮುಂಬಾಗಿಲಿನಿಂದ ಒಳಗೆ ಬಂದಳು. ನನಗೆ ಖುಷಿಯಾಯಿತು. “ಕೈ ಕೊಡು ಲಿಂಗಿ” ಎಂದೆ.

ಮಸಿಯ ಕಡ್ಡಿ ಎತ್ತಿದವನು ಬೆರಳು ನೋಡಿ ಕೆಳಗಿಟ್ಟೆ. ತುದಿಯಿಂದ ಗೆಣ್ಣಿನವರೆಗೆ ಚರ್ಮ ಸುಲಿದು ಕೆಂಪಗಾಗಿತ್ತು. ಉಗುರಿನ ಸುತ್ತ ರಕ್ತ ಒಣಗಿತ್ತು. ಆ ಕೆಂಪಿನ ನಡುವೆ ಕಪ್ಪು ಅಲ್ಲಲ್ಲಿ ಹಾಗೇ ಉಳಿದಿತ್ತು.

“ಸೋಡಾ ಹಾಕ್ದೆ, ಹುಣ್ಸೆಹಣ್ಣು ಹಾಕ್ದೆ, ಇಟ್ಟಿಗೆ ಚೂರಲ್ಲಿ ತಿಕ್ದೆ. ಪೂರ್ತಿ ಹೋಗ್ಲಿಲ್ಲ ಮೇಷ್ಟ್ರೆ” ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಕುಶಾಲಪ್ಪ ಎದ್ದು ನಿಂತ. “ನಿಲ್ಲಿ ನಿಲ್ಲಿ! ಸಾರ್, ಈ ಹೆಂಗಸಿನ ಬೆರಳು ನೋಡಿ. ಬೇರೆ ಬೂತಲ್ಲಿ ಓಟು ಹಾಕಿ, ಮಸಿ ಉಜ್ಜಿ ತೆಗೆದು ಇಲ್ಲಿಗೆ ಬಂದಿದಾಳೆ!” ಅವನ ಅಂಗಿ ಒಗೆಯುವವಳೂ ಲಿಂಗಿಯೇ. ಆದರೆ ಬಟ್ಟೆ ಕೊಡುವುದು ತರುವುದು ಆಳುಗಳ ಕೆಲಸ. ಅವಳ ಮುಖವನ್ನು ಅವನು ನೋಡಿರಲಿಲ್ಲ.

ಅಧಿಕಾರಿ ಎದ್ದು ಬಂದು ಬೆರಳನ್ನು ನೋಡಿದರು. ಮುಖ ಗಂಟಾಯಿತು. “ಇದು ಉಜ್ಜಿರೋದೇ. ಯಾಕಮ್ಮ ಉಜ್ಜಿದೆ?”

ಲಿಂಗಿ ನನ್ನ ಮುಖ ನೋಡಿದಳು. ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ಊರಿಗೆಲ್ಲ ಮಾತಾಡುವ ಬಾಯಿ ಆಗ ಒಣಗಿಹೋಯಿತು. ಮೇಲಕ್ಕೆ ಬರೆದರೆ, ಕೆಲಸ ಹೋದರೆ ಎಂದೆಲ್ಲ ತಲೆಯಲ್ಲಿ ಓಡಿತು. “ಸರ್, ಅದು ಕಾಡುಗೇರಿನ ಕಲೆ ಇರಬಹುದು” ಎಂದೆ. ಇರಬಹುದಂತೆ! ತಿಕ್ಕಲು ಹೇಳಿದವನು ನಾನೇ ಎಂಬುದನ್ನು ನುಂಗಿಕೊಂಡೆ.

“ನೀವು ಸಾಕ್ಷಿ ಹೇಳೋಕೆ ಕೂತಿಲ್ಲ ಮೇಷ್ಟ್ರೇ” ಎಂದರು ಅಧಿಕಾರಿ. ಲಿಂಗಿಯ ಕಡೆ ತಿರುಗಿ, “ನಿನಗೆ ಚೀಟಿ ಕೊಡೋಕಾಗಲ್ಲ. ಪೊಲೀಸಿನವರನ್ನ ಕರೆಯೋ ಮೊದಲು ಹೊರಟುಹೋಗು” ಎಂದರು.

ಸಾಲಿನಲ್ಲಿದ್ದ ಹೆಂಗಸರು ಗುಸುಗುಸು ಎಂದರು. ಲಿಂಗಿಯ ಕಣ್ಣು ತುಂಬಿತು. ಆದರೆ ಹೆಜ್ಜೆ ಕದಲಲಿಲ್ಲ. ಅಧಿಕಾರಿಯ ಕೋಟನ್ನೇ ನೋಡುತ್ತಾ ಕೈಮುಗಿದಳು.

“ತಪ್ಪು ತಿಳೀಬ್ಯಾಡಿ ಬುದ್ಧಿ. ತಮ್ಮ ಕೋಟಿನ ಕಾಲರು ಒಂದ್ಸಲ ತಿರುಗ್ಸಿ ನೋಡಿ. ಒಳಗಡೆ ಕತ್ತರಿ ಗುರುತು ಐತೆ. ಮೊನ್ನೆ ಬಂಗ್ಲೆಯಿಂದ ಬಂದಾಗ ನಾನೇ ಹಾಕಿದ್ದು, ಇದೇ ಬೆರಳಲ್ಲಿ ಕಾಯಿ ಹಿಡ್ಕೊಂಡು.”

ಅಧಿಕಾರಿ ಕೋಟು ಬಿಚ್ಚಿ ಕಾಲರು ಮಗುಚಿದರು. ಕತ್ತರಿ ಗುರುತು, ಇದ್ದಿಲಿನಷ್ಟು ಕಪ್ಪು.

“ಆಮೇಲೆ ಉಬ್ಬೆಗೆ ಹಾಕಿ ಒಗ್ದು ಕೊಟ್ಟೀನಿ, ಹೋಗಿಲ್ಲ ನೋಡಿ. ಬಟ್ಟೆಯಿಂದ್ಲೇ ಹೋಗದ್ದು ಬೆರಳಿಂದ ಎಲ್ಲಿ ಹೋಗ್ತದೆ?” ಎಂದವಳು ಎಡಗೈಯ ಹೆಬ್ಬೆರಳನ್ನೂ ಚಾಚಿದಳು. ಅದನ್ನು ಅವಳು ತಿಕ್ಕಿರಲಿಲ್ಲ, ಪೂರ್ತಿ ಕಪ್ಪಾಗಿತ್ತು. “ಓಟಿನ ಮಸಿ ಹೆಬ್ಬೆಟ್ಟಿಗೂ ಹಚ್ತಾರಾ ಬುದ್ಧಿ?” ಆಮೇಲೆ ಕುಶಾಲಪ್ಪನ ಕಡೆ ತಿರುಗಿದಳು. “ರೈಟರ್ ಸ್ವಾಮಿ, ನಿಮ್ಮ ಅಂಗೀಲಿ ಎಲ್ಡು ಗೀಟು ಐತೆ. ತಿರುಗ್ಸಿ ತೋರ್ಸಿ.”

ಕುಶಾಲಪ್ಪನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಡಾಕ್ಟರ ಹೆಂಡತಿ ಕಿಸಕ್ಕೆಂದಳು, ಸಾಲೆಲ್ಲ ನಕ್ಕಿತು. ಅವನು ಕೂತುಬಿಟ್ಟ.

ಅಧಿಕಾರಿ ನಗಲಿಲ್ಲ. ಕೋಟು ಹಾಕಿಕೊಂಡು ನನಗೆ ಹೇಳಿದರು: “ಹೆಸರು ಓದಿಸಿ. ಬೆರಳು ಗಾಯವಾಗಿದೆ, ಪಕ್ಕದ್ದಕ್ಕೆ ಹಚ್ಚಿ.”

“ಬ್ಯಾಡಿ ಬುದ್ಧಿ. ಎಲ್ರಿಗೂ ಯಾವ ಬೆರಳಿಗೋ ನಂಗೂ ಅದಕ್ಕೇ ಹಚ್ಲಿ.”

ಹಚ್ಚಿದೆ. ಹಸಿ ಗಾಯದ ಮೇಲೆ ಮಸಿ ಬಿದ್ದಾಗ ಅವಳು ಸ್‌ಸ್ ಎಂದು ಉಸಿರೆಳೆದಳು, ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ. “ಇದು ಎಷ್ಟು ದಿನ ಇರ್ತದೆ ಮೇಷ್ಟ್ರೆ?” ಎಂದಳು. “ಒಂದು ತಿಂಗಳು ಇರಬಹುದು” ಎಂದೆ. “ಅಷ್ಟೇನಾ?” ಎಂದು ಚೀಟಿ ಹಿಡಿದು ಪರದೆಯ ಹಿಂದೆ ಹೋದಳು. ಬಹಳ ಹೊತ್ತು ಒಳಗಿದ್ದಳು. ಅಧಿಕಾರಿ ಗಡಿಯಾರ ನೋಡಿದರು.

ಆ ಭಾನುವಾರ ಗಂಟು ಹೊತ್ತು ಬಂದಾಗ ಬೆರಳಿಗೆ ಬಟ್ಟೆ ಸುತ್ತಿದ್ದಳು. ಪತ್ರಿಕೆಯಲ್ಲಿ ಗೋಲ್ಡ್ ಕೋಸ್ಟ್ ಘಾನಾ ಆದ ಸುದ್ದಿ ಬಂದಿತ್ತು. ನನಗೆ ಓದುವ ಮನಸ್ಸಾಗಲಿಲ್ಲ. “ಲಿಂಗಿ, ಆವತ್ತು ನಾನು ಅಂದದ್ದು ಬರೀ ತಮಾಷೆ. ನೀನು ನಿಜ ಅಂದ್ಕೊಂಡೆ. ತಪ್ಪು ನಂದೇ” ಎಂದೆ. ಬಾಗಿಲಲ್ಲಿ ಸುಲೋಚನಮ್ಮ ನಿಂತಿದ್ದಳು; ಅವಳೂ ಬೈಯಲಿಲ್ಲ.

ಲಿಂಗಿ ಬಟ್ಟೆ ಎಣಿಸುತ್ತಲೇ ಹೇಳಿದಳು: “ತಮಾಷೆ ಅಂತ ನಂಗೆ ಆವತ್ತೇ ಗೊತ್ತಿತ್ತು ಮೇಷ್ಟ್ರೆ. ನೀವು ಯಾವಾಗ ನಿಜ ಹೇಳಿದ್ದೀರಿ?”

“ಮತ್ತೆ ಯಾಕೆ ಹಾಗೆ ತಿಕ್ಕಿಕೊಂಡೆ?”

“ಎಲ್ಲಾದ್ರೂ ನಿಜ ಆಗ್ಬಿಟ್ರೆ? ನಿಮಗೇನು, ಒಳಗೆ ಕೂತಿರೋರು. ನಾನು ಇನ್ನೊಂದ್ಸಲ ಕಂಬ್ಳಿ ಹಿಡ್ಕೊಂಡು ಹೊರಗೆ ನಿಲ್ಬೇಕಿತ್ತಾ?”

ಆಮೇಲೆ ಆ ಬೇಸಗೆಯಲ್ಲಿ ಪಕ್ಕದ ಕೇರಳದಲ್ಲಿ ಹೊಸ ಸರಕಾರ ಬಂತು, ಮಳೆಗಾಲದ ಕೊನೆಗೆ ಮಲಯಾ ಸ್ವತಂತ್ರವಾಯಿತು. ಎಲ್ಲ ಸುದ್ದಿಯನ್ನೂ ಅವಳಿಗೆ ಓದಿ ಹೇಳಿದೆ. ಅವಳ ಓಟಿನ ಬಗ್ಗೆ ಮಾತ್ರ ತಮಾಷೆ ಮಾಡಲಿಲ್ಲ.

ಅರವತ್ತೆರಡರ ಚುನಾವಣೆಗೂ ನಾನೇ ಮಸಿ ಹಚ್ಚುವವನು. ಅದಕ್ಕೆ ಮೊದಲು ಪೇಟೆಯಲ್ಲಿ ಒಂದು ವಿಚಿತ್ರ ನಡೆಯಿತು. ಒಂದು ತಿಂಗಳು ಬಟ್ಟೆಗಳೆಲ್ಲ ಅದಲುಬದಲು. ಡಾಕ್ಟರ ಪಂಚೆ ನಮಗೆ ಬಂತು, ನನ್ನ ಅಂಗಿ ಸಾಹುಕಾರರಿಗೆ ಹೋಯಿತು. ಸುಲೋಚನಮ್ಮ ಲಿಂಗಿಯ ಸೊಸೆ ಚಿಕ್ಕಿಯನ್ನು ನಿಲ್ಲಿಸಿ ಕೇಳಿದಳು. “ಗುರುತು ನಾನು ಹಾಕ್ತಿದೀನಿ ಅಮ್ಮೋರೆ, ಇನ್ನೂ ಸರ್ಯಾಗಿ ಬರಾಕಿಲ್ಲ. ಅತ್ತೆ ಸಂಕ್ರಾಂತಿಯಿಂದ ಗೇರು ಮುಟ್ಟಿಲ್ಲ” ಎಂದಳು ಚಿಕ್ಕಿ. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ನನಗೆ ಓಟಿನ ದಿನ ಗೊತ್ತಾಯಿತು. ಬಾಗಿಲು ತೆರೆಯುವ ಮೊದಲೇ ಲಿಂಗಿ ಸಾಲಿನ ಮುಂದುಗಡೆ ನಿಂತಿದ್ದಳು. ಎಲ್ಲರಿಗಿಂತ ಮೊದಲು ಒಳಗೆ ಬಂದು, ನಾನು ಕೇಳುವ ಮುಂಚೆಯೇ ಎಡಗೈಯನ್ನು ಮೇಜಿನ ಮೇಲಿಟ್ಟಳು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಆ ಬೆರಳು ಬೆಳ್ಳಗಿತ್ತು.

“ನೋಡ್ಕೊಳ್ಳಿ ಮೇಷ್ಟ್ರೆ” ಎಂದಳು. “ಇವತ್ತು ಯಾರ ಕಾಲರೂ ತಿರುಗ್ಸೋದು ಬ್ಯಾಡ.”