ಕೆರೆಯ ತಳ ಕಂಡ ಬಾಯಾರು

ಮೊನ್ನೆ ಅಳ್ನಾವರ ಸಂತೆಯಲ್ಲಿ ಒಂದು ಬುಟ್ಟಿ ತುಂಬ ಗೇಣುದ್ದದ ಬಾಳೆ ಮೀನು ರಾಶಿ ಹಾಕಿದ್ದರು. ಒಮ್ಮೆಯೂ ತತ್ತಿ ಇಡದ ಮರಿಗಳು. ಕೊಳೆತ ನಾತ ಮೂಗಿಗೆ ಬಡಿಯಿತು. ಆ ನಾತದ ಹಿಂದೆಯೇ ಬಾಯಾರು ನೆನಪಾದರು…

ನಮ್ಮೂರು ತಂಬೂರಿನ ಆಚೆ. ಆಗ ನಾನು ಊರ ಕೆರೆಯ ಮೀನುಗಾರರ ಸಂಘದಲ್ಲಿ ಕಾರಕೂನ. ಬಾಯಾರು ಎಂದು ನಾವೆಲ್ಲ ಮರ್ಯಾದೆಯಿಂದ ಕರೆಯುತ್ತಿದ್ದ ಮೇಡಂ ಮೀನುಗಾರಿಕೆ ಇಲಾಖೆಯಿಂದ ತಿಂಗಳಿಗೊಮ್ಮೆ ಸರ್ವೇಗೆ ಬರುತ್ತಿದ್ದರು. ಕೆರೆಯ ತಳದಲ್ಲಿ ಬದುಕುವ ಬಾಳೆ ಮೀನಿನ ಸಂತತಿ ಹೇಗಿದೆ, ಎಷ್ಟು ಹಿಡಿದರೆ ಅದು ಉಳಿದೀತು ಎಂದು ನೋಡಿ ವರದಿ ಕೊಡುವ ಗುತ್ತಿಗೆ ನೌಕರಿ ಅವರದು. ಕುಬಿಹಾಳದ ಸೊಸೆ, ಲಿಂಗ ಕಟ್ಟಿದ ಮನೆತನದ ಹೆಣ್ಣುಮಗಳು. ಮೀನು ಬಾಯಿಗೆ ಇಟ್ಟವರೇ ಅಲ್ಲ. ಆದರೂ ದಂಡೆಯಲ್ಲಿ ಕುಂತು ಮೀನಿನ ಉದ್ದ ಅಳೆದು, ಹೊಟ್ಟೆ ಸೀಳಿ ತತ್ತಿ ನೋಡುತ್ತಿದ್ದರು. ತಲೆಯೊಳಗಿನ ಹರಳಿನಂಥ ಎಲುಬು ತೆಗೆದು, ಅದರ ಗೆರೆ ಎಣಿಸಿ ವಯಸ್ಸು ಹೇಳುತ್ತಿದ್ದರು. ಮೈ ತೊಳೆದುಕೊಳ್ಳುವ ತನಕ ಅವರನ್ನು ಅತ್ತೆ ಮನೆಯೊಳಗೆ ಬಿಡುತ್ತಿರಲಿಲ್ಲವಂತೆ. ಅದನ್ನೂ ನಗುತ್ತಲೇ ಹೇಳಿದ್ದರು.

ವರ್ಷ ಕಳೆಯುವುದರೊಳಗೆ ಆ ನಗು ನಿಂತಿತು.

"ತಾಯಿ ಮೀನಾ ಸಿಗವಲ್ವು ತಮ್ಮಾ. ಬರೇ ಮರಿ. ಎರಡು ಮಳಿಗಾಲ ಬಲಿ ಬಿಡಬ್ಯಾಡ್ರಿ ಅಂತ ಬರೀತೀನಿ," ಅಂದರು.

ಸಂಘದ ಅಧ್ಯಕ್ಷ ಉರಿದುಬಿದ್ದ. ಮುಂದಿನ ಸರ್ವೇ ದಿನ ಬೇರೆ ಕಡೆಯಿಂದ ಎರಡು ಮೊಳ ಉದ್ದದ ಬಾಳೆ ಮೀನು ತರಿಸಿ, ನಮ್ಮ ಬಲೆಗೆ ಬಿದ್ದವೆಂದು ಬುಟ್ಟಿಗೆ ಹಾಕಿಸಿದ. ಹಾಕಿದವನು ನಾನೇ.

ಬಾಯಾರು ಒಂದನ್ನು ಎತ್ತಿ ಕಿವಿರು ಬಿಡಿಸಿದರು. ಒಳಗೆ ಐಸಿನ ಚೂರು ಇತ್ತು.

"ಇವು ಈ ಕೆರಿವೇನು, ತಮ್ಮಾ?"

"ಹೌದ್ರಿ ಬಾಯಾರ. ಈಗ ಹಿಡದದ್ದು."

ಆ ಚೂರನ್ನು ನನ್ನ ಅಂಗೈಯಲ್ಲಿಟ್ಟು, ಚೀಲ ಎತ್ತಿಕೊಂಡು ಹೋದರು.

ವರದಿಯಲ್ಲಿ ಅವರು ಇದ್ದದ್ದನ್ನು ಇದ್ದಹಾಗೆ ಬರೆದರು. ಅಧ್ಯಕ್ಷನ ದೂರಿನ ಮೇಲೆ ವಿಚಾರಣೆಗೆ ಬಂದ ಇಲಾಖೆಯ ಸಾಹೇಬರ ಮುಂದೆ ನಾನು ಅದೇ ಸುಳ್ಳು ಹೇಳಿ ಸಹಿ ಹಾಕಿದೆ. ಆಮೇಲೆ ಅಧ್ಯಕ್ಷನ ಮನೆಯಲ್ಲಿ ಸಾಹೇಬರಿಗೆ ಮೀನಿನೂಟ. ಬೆರಳು ಚೀಪುತ್ತ, "ಕೆರಿ ಅಗದಿ ಚಲೋ ಐತ್ರಿ," ಅಂದು ತೇಗಿದರು. ಬಡಿಸುತ್ತಿದ್ದವನು ನಾನು. ಆ ತೇಗು ನೆನೆದರೆ ಈಗಲೂ ಮೈ ಮುಳ್ಳೇಳುತ್ತದೆ… ನಾನೂ ಅವತ್ತು ಅದೇ ಸಾರು ಉಂಡಿದ್ದೆ.

ಬಾಯಾರ ಗುತ್ತಿಗೆ ಮುಂದುವರಿಯಲಿಲ್ಲ. ನಾವು ಇನ್ನೂ ಸಣ್ಣ ಕಣ್ಣಿನ ಬಲೆ ಬಿಟ್ಟೆವು. ಮೂರನೇ ವರ್ಷ ಬಲೆಯಲ್ಲಿ ಬಂದದ್ದು ಬರೀ ಕೆಸರು. ಸಂಘ ಮುಚ್ಚಿತು. ಮೀನು ಹಿಡಿಯುವವರು ಗೋವಾದ ಕಡೆ ಕೂಲಿಗೆ ಹೋದರು. ಅಧ್ಯಕ್ಷನಿಗೆ ಏನೂ ಆಗಲಿಲ್ಲ.

ಸಂತೆಯಿಂದ ಬಂದ ಮರುದಿನ ಕುಬಿಹಾಳಕ್ಕೆ ಹೋದೆ. ತಪ್ಪಾಯಿತು ಅನ್ನಬೇಕಿತ್ತು. ಬಾಗಿಲು ತೆಗೆದವರು ಅವರ ಯಜಮಾನರು.

"ಆಕಿ ತೀರಿಕೊಂಡು ವರ್ಷ ಆತ್ರಿ. ಏನರ ಹೇಳೂದಿತ್ತೇನ್ರಿ?"

ಎಲ್ಲ ನಾಲಿಗೆಯ ತುದಿಗೆ ಬಂದಿತ್ತು.

"ಏನಿಲ್ರಿ. ಹಿಂಗ ಈ ಕಡಿ ಬಂದಿದ್ದೆ," ಅಂದೆ. ಅವರು ಕೊಟ್ಟ ಚಹಾ ಕುಡಿದು ಎದ್ದುಬಂದೆ.