ಎಳೆಯಿಲ್ಲದ ಗಂಟು

ಇವತ್ತು ಬೆಳಿಗ್ಗೆ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆ ಸದ್ದು ಅಡಗಿದರೆ ನನಗೆ ಈಗಲೂ ಬೆನ್ನು ತಣ್ಣಗಾಗುತ್ತದೆ.

ಅಂದು ನಾನು ನಿಂತಿದ್ದುದು ದೊಡ್ಡಬಳ್ಳಾಪುರದ ನಮ್ಮ ಶೆಡ್ಡಿನಲ್ಲಿ, ಬಾಗಿಲಿನಿಂದ ಎರಡನೇ ಮಗ್ಗದ ಎಡಕ್ಕೆ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷ, ಒಂದು ಸೋಮವಾರ, ಹನ್ನೊಂದರ ಹೊತ್ತು. ಹೀಗೇ ಕರೆಂಟು ಹೋಯಿತು. ನನ್ನ ಅಕ್ಕ ರತ್ನ ಮಗ್ಗ ಬಿಟ್ಟು ಬಂದು ಸ್ಟೂಲಿನ ಮೇಲೆ ಕೂತಳು. ಅವಳ ಬಲಗೈಯ ಎರಡು ಬೆರಳು ಮಾತ್ರ ಕಡಿದ ಎಳೆಗೆ ಗಂಟು ಹಾಕುತ್ತಲೇ ಇದ್ದವು. ಎಳೆ ಇರಲಿಲ್ಲ.

“ಏನಕ್ಕಾ, ಓವರ್‌ಟೈಮಾ?” ಎಂದ ಪಕ್ಕದ ಮಗ್ಗದ ನಂಜಪ್ಪ. ನಗುವುದರಲ್ಲಿ ನಾನೇ ಮುಂದು. ನೇಯುವವರ ಬೆರಳು ಊಟಕ್ಕೆ ಕೂತಾಗಲೂ ಎಳೆ ಹುಡುಕುತ್ತದೆ ನೋಡಿ. ವಾರದಿಂದ ಕಂಡೂ ಇದನ್ನು ಅಭ್ಯಾಸವೆಂದೇ ತಿಳಿದಿದ್ದೆವು.

ಅಕ್ಕ ನಗಲಿಲ್ಲ. ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು.

“ನಾನಲ್ಲ ಕಣೋ ಮಾಡ್ತಿರೋದು.”

ಎಡಗೈಯಿಂದ ಅದುಮಿ ಹಿಡಿದಳು. ಮಿಡಿತ ತೋಳಿಗೇರಿತು, ಮುಖಕ್ಕೇರಿತು. ಬಿದ್ದಳು.

ಬೆಂಗಳೂರಿನ ಡಾಕ್ಟರು ಸ್ಕ್ಯಾನ್ ಫಿಲಂನಲ್ಲಿ ಮಿದುಳಿನೊಳಗಿನ ಒಂದು ಉಂಗುರ ತೋರಿಸಿದರು. ಲಾಡಿಹುಳದ ಮರಿ.

“ನಾವು ಬಾಡೇ ತಿನ್ನಲ್ವಲ್ಲ ಸಾರ್!” ಎಂದಳು ಅಕ್ಕ.

“ತೊಳೀದ ಸೊಪ್ಪು ಸಾಕಮ್ಮ, ಅದಕ್ಕಂಟಿರೋ ಹುಳದ ಮೊಟ್ಟೆ ಕಣ್ಣಿಗೆ ಕಾಣಲ್ಲ. ಈ ಮರಿ ವರ್ಷಗಟ್ಟಲೆ ಸುಳಿವು ಕೊಡದೆ ಕೂತಿತ್ತು. ಈಗ ಸಾಯ್ತಿದೆ, ಗುಟ್ಟು ಬಯಲಾಗಿದೆ. ರಕ್ತದಲ್ಲಿ ಕಾವಲು ತಿರುಗೋ ಟಿ ಸೆಲ್ ಅನ್ನೋ ಬಿಳಿ ಕಣಗಳು ಗುರುತು ಹಿಡಿದು, ಬೇರೆ ಕಣಗಳನ್ನೂ ಕರ್ಕೊಂಡು ಮುತ್ತಿಗೆ ಹಾಕಿವೆ. ಆ ಊತಕ್ಕೇ ಫಿಟ್ಸ್.”

“ಕೊಂದುಹಾಕ್ಲಿ ಬಿಡಿ ಸಾರ್,” ಎಂದೆ.

“ಕೊಲ್ಲೋ ಭರದಲ್ಲಿ ನಿಮ್ಮಕ್ಕನ್ನೂ ನೋಡಲ್ಲ ಅವು. ಹುಳಕ್ಕೊಂದು ಮಾತ್ರೆ, ಅವುಗಳ ಆರ್ಭಟ ತಗ್ಗಿಸೋಕೆ ಇನ್ನೊಂದು. ಫಿಟ್ಸ್ ನಿಲ್ಲೋವರೆಗೂ ಓಡೋ ಮಗ್ಗದ ಹತ್ರ ಹೋಗಂಗಿಲ್ಲ.”

ಹುಳಕ್ಕಿಂತ ಆ ಕೊನೆಯ ಮಾತು ಅಕ್ಕನನ್ನು ಕುಗ್ಗಿಸಿತು. ಹತ್ತು ವರ್ಷದಿಂದ ಅವಳು ಬೇರೆ ಕೆಲಸ ಮಾಡಿದವಳಲ್ಲ. ಮಾತ್ರೆ ನುಂಗಿ ಗೋಡೆಗೊರಗಿ ಕೂತಿರುತ್ತಿದ್ದಳು. “ಒಳಗೆ ಯಾರೋ ಯಾರನ್ನೋ ಹುಡುಕ್ತಾವ್ರೆ ಕಣೋ,” ಎಂದಳು ಒಮ್ಮೆ, “ನನ್ನ ಒಂದು ಮಾತೂ ಕೇಳ್ದೆ.”

ತಿಂಗಳುಗಳ ಮೇಲೆ ಇನ್ನೊಂದು ಫಿಲಂ. ಉಂಗುರವಿದ್ದಲ್ಲಿ ಸಾಸಿವೆಯಷ್ಟು ಬಿಳುಪು.

“ಸತ್ತು ಸುಣ್ಣಗಟ್ಟಿದೆ. ಅದು ಅಲ್ಲೇ ಇರುತ್ತೆ,” ಎಂದರು ಡಾಕ್ಟರು.

“ಮುತ್ತಿಗೆ ಹಾಕಿದ್ವಲ್ಲ, ಅವು?” ಎಂದಳು ಅಕ್ಕ.

“ಬಹುಪಾಲು ಚದುರಿದ್ವು. ಕೆಲವು ಹುಳದ ಗುರುತು ನೆನಪಿಟ್ಕೊಂಡು ಉಳೀತವೆ.”

ಫಿಟ್ಸ್ ಬಾರದೆ ವರ್ಷಗಳು ಕಳೆದು, ಡಾಕ್ಟರು ಹೂಂ ಎಂದ ಮೇಲೆ ಅಕ್ಕ ಮತ್ತೆ ಮಗ್ಗಕ್ಕೆ ನಿಂತಳು. ಈಗ ಎಳೆ ಕಡಿದಾಗಲೆಲ್ಲ ಗಂಟು ಹಾಕಿ, ಬಲಗೈಯನ್ನು ಕಣ್ಣೆದುರು ಹಿಡಿದು ಅದು ಸುಮ್ಮನಿರುವುದನ್ನು ನೋಡುತ್ತಾಳೆ. ಆಮೇಲೇ ಮಗ್ಗ ಓಡಿಸುವುದು. ನಾನೂ ನೋಡುತ್ತೇನೆ. ನಗುವುದಿಲ್ಲ.

ನಂಬದಿದ್ದರೆ ಕೇಳಿ ನೋಡಿ: ಅಂದು ಆ ಬೆರಳುಗಳನ್ನು ಕಂಡವರಲ್ಲಿ ನಂಜಪ್ಪ ನಮ್ಮ ತಾಲೂಕಿನ ಮಧುರೆಯ ಕಡೆ ಇದ್ದಾನೆ. ಇನ್ನೊಬ್ಬಳು ನಮ್ಮ ರತ್ನಕ್ಕನೇ. ಬದುಕಿದ್ದಾಳೆ.